ರಾಗ ಎಳೆಯೋದಂದ್ರ ನಿಧಾನ ಮಾತಾಡೋದಲ್ಲ

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಕಾರಟಗಿ. ಮಗಳು ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಾಳೆ. ಅವಳು ಬಾಯಿ ಬಿಟ್ಟರೆ ಸಾಕು, ಗೆಳತಿಯರು "ಯಾಕೆ ಹಿಂಗೆ ರಾಗ ಎಳೀತೀಯ?" ಅಂತ ನಗುತ್ತಾರಂತೆ. ಇಂಗ್ಲಿಷ್ ಮೇಷ್ಟ್ರು ಅದಕ್ಕೆ 'ಡ್ರಾಲ್' ಅನ್ನುತ್ತಾರೆ ಎಂದು ಹೇಳಿಕೊಟ್ಟರಂತೆ. ಈ 'ರಾಗ ಎಳೆಯೋದು' ಎಂಬ ಮಾತು ಎಲ್ಲಿಂದ ಬಂತು? ಸಂಗೀತದ ರಾಗವೇ ಇದು? ನಾವು ಖರೇನ ಅಷ್ಟು ನಿಧಾನ ಮಾತಾಡ್ತೀವಾ? ಇನ್ನೊಂದು, ರಾಗ ಮತ್ತು ರಗಳೆ ಒಂದೇ ಬೇರಿನವೇ?

ಉತ್ತರ: ಅಕ್ಕಾರ, ನೀವು ಕೇಳಿದ ಕ್ರಮ ಬಿಟ್ಟು ಮೂರನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ನಿಮ್ಮ ಮನಸ್ಸಿಗೆ ಚುಚ್ಚಿದ್ದು ಅದೇ ಅಂತ ಕಾಣುತ್ತದೆ. ನಾವು ನಿಧಾನ ಮಾತಾಡುವ ಜನ ಅಲ್ಲ. ನಡುವೆ ಸಿಕ್ಕ ಅಕ್ಷರ ನುಂಗುತ್ತ ಓಡುತ್ತೇವೆ, ಕೊನೆಯ ಅಕ್ಷರಕ್ಕೆ ಬಂದು ನಿಲ್ಲುತ್ತೇವೆ. ಮೈಸೂರಿನ ಕಿವಿಗೆ ಬೀಳುವುದು ಆ ನಿಂತದ್ದು ಮಾತ್ರ. ಅದಕ್ಕೆ ಮುಂಚೆ ಓಡಿದ್ದು ಅವರಿಗೆ ಕೇಳಿಸಿರುವುದಿಲ್ಲ.

ಒಂದು ಮಾತು ಹಿಡಿದು ನೋಡೋಣ. ಪುಸ್ತಕದ ಕನ್ನಡದಲ್ಲಿ 'ಬಂದಿದ್ದಾರೆ', ನಿಮ್ಮ ಮನೆಯಲ್ಲಿ 'ಬಂದಾರ'. ಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದ್ದು ನೆನಪಿದ್ದರೆ ಮಾತ್ರೆ ಎಣಿಸಿ, ಗುರುವಿಗೆ ಎರಡು, ಲಘುವಿಗೆ ಒಂದು. ಬಂದಿದ್ದಾರೆ: ಮೂರು ಗುರು, ಒಂದು ಲಘು, ಒಟ್ಟು 7 ಮಾತ್ರೆ. ಬಂದಾರ: ಎರಡು ಗುರು, ಒಂದು ಲಘು, 5 ಮಾತ್ರೆ. ಎರಡು ಮಾತ್ರೆ ಉಳಿಸಿದೆವು. ಈಗ ಅಂಗಳದಿಂದ ಒಳಗಿನವರಿಗೆ ಕೇಳುವಂತೆ "ಮಾವಾರು ಬಂದಾರಽ" ಅನ್ನಿ. ('ಽ' ಎಂದರೆ ಎಳೆತದ ಗುರುತು.) ಕೊನೆಯ ರಕಾರ ಮೂರು ಮಾತ್ರೆಗೆ ಬೆಳೆಯುತ್ತದೆ, ಮತ್ತೆ 7 ಆಯಿತು! ನಡುವೆ ಮಾಡಿದ ಉಳಿತಾಯವನ್ನು ಕೊನೆಗೆ ಖರ್ಚು ಮಾಡಿದೆವು ಅಷ್ಟೆ. ಇದು ಮೋಜಿನ ಲೆಕ್ಕ, ಪ್ರತಿ ಮಾತಿಗೂ ಹೀಗೆ ಕೂಡಿ ಬರುವುದಿಲ್ಲ. ಆದರೆ 'ಹೋಗಿದ್ದಾನೆ' ಎಂಬುದನ್ನು 'ಹೋಗ್ಯಾನ' ಮಾಡಿ, 'ಮಾಡಲಿಕ್ಕೆ ಹತ್ತಿದ್ದಾನೆ' ಎಂಬ ಉದ್ದನೆಯ ರೈಲನ್ನು ಕೊಪ್ಪಳದಲ್ಲಿ 'ಮಾಡಾಕತ್ತಾನ', ರಾಯಚೂರಿನಲ್ಲಿ 'ಮಾಡ್ಲಿಕತ್ತಾನ' ಅಂತ ಮಡಚಿಟ್ಟ ಜನಕ್ಕೆ ನಿಧಾನಸ್ಥರು ಎಂಬ ಹೆಸರು ಒಪ್ಪುವುದಿಲ್ಲ.

ಇನ್ನು ಮಾತಿನ ಮೂಲ. 'ರಾಗ ಎಳೆ' ಎಂಬುದರಲ್ಲಿ ಮೊದಲರ್ಧ ಸಂಸ್ಕೃತ, ಎರಡನೆಯದು ಅಚ್ಚ ದ್ರಾವಿಡ.

ರಾಗಕ್ಕೆ ಮೂಲ 'ರಂಜ್' ಎಂಬ ಧಾತು. ಬಣ್ಣ ಹಾಕು, ಕೆಂಪಾಗು ಎಂದು ಅರ್ಥ. ರಕ್ತ ಎಂದರೆ ಮೊದಲು 'ಬಣ್ಣ ಹಾಕಿದ್ದು, ಕೆಂಪಾದದ್ದು'. ಮೈಯೊಳಗಿನ ನೆತ್ತರಿಗೆ ಆಮೇಲೆ ಆ ಹೆಸರು. ಮನಸ್ಸಿಗೆ ಬಣ್ಣ ಹತ್ತಿದರೆ ಅನುರಾಗ, ಬಣ್ಣ ಬಿಟ್ಟರೆ ವಿರಾಗ. ನೇಕಾರರ ಮನೆಯ ಬಣ್ಣದ ಕಡಾಯಿಯಲ್ಲಿ ಅದ್ದಿದ ನೂಲಿನ ಹಾಗೆ, ಕೇಳುವವರ ಚಿತ್ತವನ್ನು ಅದ್ದಿ ತೆಗೆಯುವ ಸ್ವರಗಳ ಕೂಟಕ್ಕೆ ರಾಗ ಎಂಬ ಹೆಸರು ಬಂತು. ಬೃಹದ್ದೇಶಿ ಎಂಬ ಹಳೆಯ ಸಂಗೀತ ಗ್ರಂಥದಲ್ಲಿ ಮತಂಗ ರಾಗಕ್ಕೆ ಕೊಡುವ ಲಕ್ಷಣವೂ ಇದೇ, ಜನರ ಚಿತ್ತವನ್ನು ರಂಜಿಸುವುದು. (ಹಂಪಿಯ ಮತಂಗ ಪರ್ವತಕ್ಕೆ ಹೆಸರು ಕೊಟ್ಟವನು ರಾಮಾಯಣದ ಋಷಿ. ಹೆಸರು ಒಂದೇ ಆಯಿತೆಂದು ಇಬ್ಬರನ್ನು ಗಂಟು ಹಾಕಲು ನನಗೆ ಮನಸ್ಸಿಲ್ಲ.)

ಹಾಗಾಗಿ ನಿಮ್ಮ ಮಗಳ ಗೆಳತಿಯರು ಹೇಳುವ ರಾಗ ಸಂಗೀತದ ರಾಗವೇ. ಅದು ಹಾಡಿನಿಂದ ಮಾತಿಗೆ ಇಳಿದ ದಾರಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಕಾಣುತ್ತದೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹೆಣ್ಣುಮಕ್ಕಳು ಸುಮ್ಮನೆ ಅಳುವುದಿಲ್ಲ, ಹಾಡಿ ಅಳುತ್ತಾರೆ. ಹೋದವರು ಹೇಗಿದ್ದರು, ಯಾವ ಹಬ್ಬಕ್ಕೆ ಏನು ತಂದುಕೊಟ್ಟಿದ್ದರು, ಎಲ್ಲವನ್ನೂ ಒಂದು ಧಾಟಿಯಲ್ಲಿ ಹೇಳಿ ಪ್ರತಿ ಸಾಲಿನ ಕೊನೆಗೆ "ಯವ್ವಾಽ", "ನಮ್ಮಪ್ಪಾಽ" ಅಂತ ಉಸಿರು ಇರುವ ತನಕ ಎಳೆಯುತ್ತಾರೆ. ಮಿಠಾಯಿ ಕೊಡಿಸಲಿಲ್ಲ ಎಂದು ಮಗು ಅದೇ ಧಾಟಿಯಲ್ಲಿ ಶುರು ಮಾಡಿದಾಗ "ರಾಗಾ ತಗದಾ ನೋಡು" ಅನ್ನುವುದು ಅದರಿಂದಲೇ. 'ರಾಗ ತೆಗೆ' ಎಂದರೆ ಅಳು ಶುರು ಮಾಡು, 'ರಾಗ ಎಳೆ' ಎಂದರೆ ಮಾತನ್ನು ಅಳುವಿನಷ್ಟು, ಹಾಡಿನಷ್ಟು ಉದ್ದ ಮಾಡು. ಎರಡರಲ್ಲೂ ಸ್ವಲ್ಪ ಗೇಲಿ ಇದ್ದೇ ಇದೆ.

ಇಲ್ಲೊಂದು ಅದಲುಬದಲು ನನಗೆ ಯಾವಾಗಲೂ ಖುಷಿ ಕೊಡುತ್ತದೆ. ಗಾಯಕರು ತಾಳ ಶುರುವಾಗುವ ಮೊದಲು ಸ್ವರವನ್ನು ಸಾವಕಾಶವಾಗಿ ಬಿಡಿಸುತ್ತ ಹೋಗುವುದಕ್ಕೆ ಆಲಾಪ ಅನ್ನುತ್ತೇವಲ್ಲ, ಸಂಸ್ಕೃತದಲ್ಲಿ ಆಲಾಪ ಎಂದರೆ ಮಾತುಕತೆ! ಮಾತಿನ ಹೆಸರು ಹೋಗಿ ಎಳೆದ ಹಾಡಿಗೆ ಕೂತಿತು, ಹಾಡಿನ ಹೆಸರು ಬಂದು ಎಳೆದ ಮಾತಿಗೆ ಕೂತಿತು. ಬೀಗರು ಹೆಣ್ಣು ಕೊಟ್ಟು ಹೆಣ್ಣು ತಂದ ಹಾಗೆ.

'ಎಳೆ'ಯ ಕಥೆ ಬೇರೆ. ಇಂದು ನಾವು ಒಂದೇ ರೀತಿ ಬರೆಯುವ ಎಳೆಗಳು ಮೂರಿವೆ. ಎಳೆಯುವುದು ಒಂದು, ನೂಲಿನ ಎಳೆ ಒಂದು, ಎಳೆಯ ಸೌತೆಕಾಯಿಯ ಎಳೆ ಇನ್ನೊಂದು. ಹಳಗನ್ನಡದಲ್ಲಿ ಮೊದಲೆರಡನ್ನು 'ಎೞೆ' ಎಂದು ರಳ (ಈಗ ಬಳಕೆ ತಪ್ಪಿದ 'ೞ' ಅಕ್ಷರ) ಹಾಕಿ ಬರೆಯುತ್ತಿದ್ದರು, ಮೂರನೆಯದಕ್ಕೆ ಮಾತ್ರ ನಮ್ಮ ಈಗಿನ ಳಕಾರ. ತಮಿಳಿನಲ್ಲಿ ಆ ಭೇದ ಇಂದಿಗೂ ಉಳಿದಿದೆ: ಎಳೆಯುವುದಕ್ಕೆ 'ಇೞು', ನೂಲಿಗೆ 'ಇೞೈ', ಎಳೆಯದಕ್ಕೆ 'ಇಳ'. ನಮ್ಮಲ್ಲಿ 13ನೇ ಶತಮಾನದ ಹೊತ್ತಿಗೇ ಜನ ರಳ ಎಲ್ಲಿ, ಳ ಎಲ್ಲಿ ಎಂದು ಮರೆಯುತ್ತ ಬಂದಿದ್ದರು. ಅದಕ್ಕೇ ಕೇಶಿರಾಜ ತನ್ನ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣದಲ್ಲಿ ರಳ ಇರುವ ಮಾತುಗಳ ಪಟ್ಟಿಯನ್ನೇ ಕೊಡಬೇಕಾಯಿತು. ಇನ್ನೊಂದು ಸಣ್ಣ ಸಂಗತಿ: ನಮ್ಮ ಕಡೆ ಹಗ್ಗ 'ಜಗ್ಗು'ತ್ತೇವೆ, ಎಮ್ಮೆಯನ್ನೂ ಜಗ್ಗುತ್ತೇವೆ, ಎಳೆ ಎಂಬ ಮಾತಿನ ಬಳಕೆ ಕಡಿಮೆ. ಆದರೆ ರಾಗವನ್ನು ಮಾತ್ರ ಯಾರೂ ಜಗ್ಗುವುದಿಲ್ಲ, ಎಳೆಯುತ್ತಾರೆ. ಇಂಥ ಜೋಡಿನುಡಿಯಲ್ಲಿ ಒಳಗಿನ ಮಾತು ಬದಲಾಗದೆ ಉಳಿದುಬಿಡುತ್ತದೆ.

ಇಂಗ್ಲಿಷ್ ಮೇಷ್ಟ್ರ ಡ್ರಾಲ್‌ಗೆ ಬರೋಣ. ಆ ಮಾತು ಇಂಗ್ಲಿಷಿನ ಬರವಣಿಗೆಯಲ್ಲಿ ಕಾಣಿಸಿಕೊಂಡದ್ದು 16ನೇ ಶತಮಾನದ ಕೊನೆಗೆ. ಡಚ್ ಭಾಷೆಯಲ್ಲಿ 'ಡ್ರಾಲೆನ್' ಎಂದರೆ ತಡಮಾಡು, ಕಾಲ ತಳ್ಳು. ಅದರಿಂದ ಬಂತು ಎಂಬುದು ಒಂದು ಮತ. ಇಂಗ್ಲಿಷಿನದೇ ಆದ 'ಡ್ರಾ', ಅಂದರೆ ಎಳೆ, ಎಂಬುದಕ್ಕೆ ಮತ್ತೆಮತ್ತೆ ಮಾಡುವುದನ್ನು ಸೂಚಿಸುವ ಪ್ರತ್ಯಯ ಸೇರಿ ಆಯಿತು ಎಂಬುದು ಇನ್ನೊಂದು. ಎರಡನೆಯದು ನಿಜವಾದರೆ ಅವರೂ ಎಳೆದವರೇ, ನಾವೂ ಎಳೆದವರೇ. ಆದರೆ ಅವರು ಎಳೆಯುವುದು ಹೊತ್ತನ್ನು, ನಾವು ಎಳೆಯುವುದು ರಾಗವನ್ನು. ಡ್ರಾಲ್ ಎಂಬ ಮಾತಿನ ಹೊಟ್ಟೆಯಲ್ಲಿ ತಡ ಇದೆ, ಸೋಮಾರಿತನದ ವಾಸನೆ ಇದೆ. ರಾಗ ಎಳೆಯುವುದರಲ್ಲಿ ತಡದ ಮಾತೇ ಇಲ್ಲ, ಧಾಟಿಯ ಮಾತಿದೆ. ಅದಕ್ಕೇ ಮೇಷ್ಟ್ರ ಅನುವಾದ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ.

ಒಪ್ಪದಿರಲು ಇನ್ನೂ ಗಟ್ಟಿಯಾದ ಕಾರಣ ಒಂದಿದೆ. ಅಮೆರಿಕದ ದಕ್ಷಿಣ ರಾಜ್ಯಗಳವರ ಡ್ರಾಲ್ ಹೆಸರುವಾಸಿ. ಅವರು ಎಳೆಯುವುದು ಮಾತಿನ ಒಡಲಲ್ಲಿ, ಒತ್ತು ಬೀಳುವ ಸ್ವರವನ್ನು. ಹಾಸಿಗೆಗೆ 'ಬೆಡ್' ಎನ್ನುವ ಬದಲು 'ಬೆಯಿಡ್' ಎನ್ನುವಂತೆ ಒಂದು ಸ್ವರ ಎರಡಾಗಿ ಸೀಳುತ್ತದೆ. ಕನ್ನಡದಲ್ಲಿ ಹಾಗೆ ಮಾಡಿದರೆ ಗತಿಯೇನು? 'ಬಲೆ' ಎಳೆದರೆ 'ಬಾಲೆ', 'ಮಡಿ' ಎಳೆದರೆ 'ಮಾಡಿ', 'ಕಡು' ಎಳೆದರೆ 'ಕಾಡು'. ಮೀನು ಹಿಡಿಯಲು ಹೊಳೆಗೆ ಬಾಲೆ ಬೀಸಿದ ಅಂದಂತಾಗುತ್ತದೆ. ನಮ್ಮ ಭಾಷೆಯಲ್ಲಿ ಹ್ರಸ್ವದೀರ್ಘಗಳ ಮೇಲೆ ಅರ್ಥವೇ ನಿಂತಿದೆ, ಅದರಲ್ಲೂ ಮೊದಲಕ್ಷರದಲ್ಲಿ ಯಾರೂ ಕೈ ಹಾಕುವಂತಿಲ್ಲ. ಎಳೆಯಲು ಜಾಗ ಇರುವುದು ಕೊನೆಗೆ ಮಾತ್ರ. ಕನ್ನಡದ ಮಾತುಗಳು ಬಹುಪಾಲು ಸ್ವರದಲ್ಲಿ ಮುಗಿಯುವುದರಿಂದ ಅಲ್ಲಿ ಹಿಡಿದು ಎಳೆಯಲು ಒಂದು ತುದಿಯೂ ಸಿಗುತ್ತದೆ. ಹಾಗಾಗಿ ಕನ್ನಡಿಗ ಎಲ್ಲೇ ಹುಟ್ಟಿರಲಿ, ಎಳೆದರೆ ಬಾಲವನ್ನೇ ಎಳೆಯಬೇಕು.

ಈ ಕೊನೆಯ ಎಳೆತಕ್ಕೆ ನಮ್ಮ ವ್ಯಾಕರಣದಲ್ಲಿ ಹಳೆಯ, ಗೌರವದ ಹೆಸರಿದೆ: ಪ್ಲುತ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. 'ಪ್ಲು' ಧಾತುವಿಗೆ ತೇಲು, ಹಾರು, ಜಿಗಿ ಎಂದರ್ಥ. ಪಾಣಿನಿ ಈ ಮೂರಕ್ಕೆ ಮಾದರಿಯಾಗಿ ಉಕಾರವನ್ನೇ ಆರಿಸಿಕೊಂಡದ್ದು ಕೋಳಿ ಕೂಗುವ 'ಕು ಕೂ ಕೂಽ' ಕೇಳಿ ಎಂದು ವ್ಯಾಕರಣ ಪಂಡಿತರು ಹೇಳುತ್ತ ಬಂದಿದ್ದಾರೆ. ಪ್ಲುತ ಎಲ್ಲಿ ಬರುತ್ತದೆ ಎಂಬುದಕ್ಕೆ ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಿದ್ದ ಮೂರು ತಾಣ: ದೂರದವರನ್ನು ಕರೆಯುವಾಗ, ಹಾಡುವಾಗ, ಅಳುವಾಗ. ಹಾಡುವುದು, ಅಳುವುದು ಮೇಲೆ ಬಂದುಹೋದವು. ಕರೆಯುವುದನ್ನು ಕೇಳಬೇಕಾದರೆ ಕೊಪ್ಪಳದ ಬಸ್‌ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಸಾಕು. "ಗಂಗಾವತೀಽ, ಕಾರಟಗೀಽ, ಸಿಂಧನೂರಽ" ಅಂತ ಕಂಡಕ್ಟರ್ ಕೂಗುವುದು ಪಾಣಿನಿ ಹೇಳಿದ ದೂರಾಹ್ವಾನವೇ. ವ್ಯಂಜನಗಳು ಗದ್ದಲದಲ್ಲಿ ಹತ್ತು ಹೆಜ್ಜೆಗೇ ಸಾಯುತ್ತವೆ, ದೂರ ಹೋಗುವ ತ್ರಾಣ ಇರುವುದು ಸ್ವರಕ್ಕೆ. ಕಾಲುವೆಯ ಆಚೆ ಭತ್ತದ ಗದ್ದೆಯಲ್ಲಿ ಬಗ್ಗಿದವರನ್ನು ಈಚೆಯಿಂದ ಊಟಕ್ಕೆ ಕರೆಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಪಾಣಿನಿಯಲ್ಲಿ ಇನ್ನೂ ಒಂದು ಸೂತ್ರವಿದೆ, ನಿಮ್ಮ ಮಗಳಿಗೆ ಹೇಳಲೇಬೇಕಾದ್ದು. ಕಿರಿಯರು ನಮಸ್ಕಾರ ಮಾಡಿದಾಗ ಹಿರಿಯರು ಮರುನುಡಿಯುವ ಹರಕೆಯ ವಾಕ್ಯದ ಕೊನೆಗೆ ಆ ಕಿರಿಯರ ಹೆಸರನ್ನು ಪ್ಲುತ ಮಾಡಿ ಎಳೆಯಬೇಕು. ಕ್ರಿಸ್ತಪೂರ್ವ 2ನೇ ಶತಮಾನದ ಪತಂಜಲಿ ತನ್ನ ಮಹಾಭಾಷ್ಯದ ಆರಂಭದಲ್ಲಿ ವ್ಯಾಕರಣ ಯಾಕೆ ಕಲಿಯಬೇಕು ಎಂದು ಪಟ್ಟಿ ಮಾಡುತ್ತ ಒಂದು ಹಳೆಯ ಶ್ಲೋಕ ತರುತ್ತಾನೆ. ಮರುನುಡಿಯಲ್ಲಿ ಹೆಸರನ್ನು ಎಳೆಯಲು ಬಾರದ ಅಜ್ಞಾನಿಗಳಿಗೆ, ಊರಿಂದ ಮರಳಿ ಬಂದಾಗ ಹೆಂಗಸರಿಗೆ ಹೇಳುವ ಹಾಗೆ ಸುಮ್ಮನೆ "ನಾನು ಬಂದೆ" ಅಂದರೆ ಸಾಕು ಅನ್ನುತ್ತದೆ ಆ ಶ್ಲೋಕ. ಹೆಂಗಸರನ್ನು ಕೀಳು ಮಾಡಿದ್ದು, ಶೂದ್ರರಿಗೆ ಈ ಮರುನುಡಿಯ ಎಳೆತ ಇಲ್ಲ ಎಂದು ಸೂತ್ರವೇ ಹೊರಗಿಟ್ಟದ್ದು, ಇವನ್ನು ನಾನು ಸಮರ್ಥಿಸುವುದಿಲ್ಲ. ಅಂದು ಎಳೆಯಲು ಬಾರದವನು ದಡ್ಡ. ಇಂದು ಎಳೆಯುವವಳು ಹಳ್ಳಿಗುಗ್ಗು. ಉಚ್ಚಾರಕ್ಕೆ ಬೀಳುವ ಬೆಲೆ ಉಚ್ಚಾರದ್ದಲ್ಲ, ಯಾರ ಬಾಯಲ್ಲಿ ಇದೆ ಎಂಬುದರದ್ದು.

ನಮ್ಮ ಕಡೆಯ ಎಳೆತ ಬರೀ ಚಂದಕ್ಕೆ ಇರುವುದೂ ಅಲ್ಲ, ಅದು ಕೆಲಸ ಮಾಡುತ್ತದೆ. ಪುಸ್ತಕದ ಕನ್ನಡ 'ಏ' ಹಚ್ಚಿ ಒತ್ತಿ ಹೇಳುವ ಕಡೆ ನಾವು ಸ್ವರ ಎಳೆದು ಒತ್ತಿ ಹೇಳುತ್ತೇವೆ. 'ಅವನೇ ಬರಲಿ' ಎಂಬುದು 'ಅವನಽ ಬರಲಿ'. 'ಇವತ್ತೇ ಬೇಕು' ಎಂಬುದು 'ಇವತ್ತಽ ಬೇಕು'. ಎಳೆತ ತೆಗೆದರೆ ಹಟವೂ ಹೋಯಿತು. ಹಾಗೆಯೇ 'ಬರ್ರಿ' ಅಂದರೆ ಕರೆದದ್ದು, 'ಬರ್ರೀಽ' ಅಂದರೆ ಒಳಗೆ ಬನ್ನಿ, ಕೂಡಿ, ಚಾ ಕುಡಿಯಿರಿ ಅಂದದ್ದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ದಕ್ಷಿಣದ ಒಂದು ಊರಲ್ಲಿ ತರಬೇತಿಗೆ ಹೋಗಿದ್ದೆ. ಅಲ್ಲಿಯವರು ನಗುತ್ತಾರೆಂದು ಒಂದು ವಾರ ನನ್ನ 'ರೀ'ಗಳನ್ನೆಲ್ಲ ಕತ್ತರಿಸಿ 'ರಿ' ಮಾಡಿಕೊಂಡೆ. ಊರಿಗೆ ಬಂದು ಅದೇ ಗುಂಗಿನಲ್ಲಿ ನಮ್ಮ ದೊಡ್ಡಪ್ಪಗ "ಹೌದ್ರಿ" ಅಂತ ಮೊಟಕಾಗಿ ಅಂದೆ. "ಯಾಕಪಾ, ಸಿಟ್ಟಿಗೆದ್ದಿಯೇನು?" ಅಂದರು.

ಮೇಲೆಲ್ಲ ಬಳಸುತ್ತಿರುವ ಈ 'ಽ' ಚಿಹ್ನೆಗೆ ಅವಗ್ರಹ ಎಂದು ಹೆಸರು. ಸಂಸ್ಕೃತದಲ್ಲಿ ಸಂಧಿಯಾಗುವಾಗ ಬಿದ್ದುಹೋದ ಅಕಾರದ ಗುರುತು ಅದು. ಧಾರವಾಡ ಕಡೆಯ ಬರಹಗಾರರು ಮನೆಮಾತನ್ನು ಅಚ್ಚಿಗೆ ತರುವಾಗ ಅದನ್ನೇ ಎಳೆತದ ಗುರುತು ಮಾಡಿಕೊಂಡರು. ಇಲ್ಲದ ಸ್ವರದ ಚಿಹ್ನೆ ಹೆಚ್ಚಾದ ಸ್ವರಕ್ಕೆ ಬಂತು.

ನಿಧಾನಕ್ಕೆ ನಮ್ಮಲ್ಲಿ ಬೇರೆ ಮಾತುಗಳಿವೆ, ಅವನ್ನು ರಾಗದೊಂದಿಗೆ ಕಲಸಬಾರದು. 'ಸಾವಕಾಶ' ಎಂದರೆ ಅವಕಾಶ ಸಹಿತ, ಜಾಗ ಇಟ್ಟುಕೊಂಡು. ಮರಾಠಿಯಲ್ಲೂ ಇದೇ ಅರ್ಥದಲ್ಲಿ ಇದೆ. 'ನಿಧಾನ' ಎಂಬುದಕ್ಕೆ ಮೂಲದಲ್ಲಿ ಇಟ್ಟದ್ದು, ಹೂತಿಟ್ಟ ನಿಧಿ ಎಂಬ ಅರ್ಥ. ಅಕ್ಕಮಹಾದೇವಿಯ ವಚನದಲ್ಲಿ ನೆಲದ ಮರೆಯಲ್ಲಿರುವ ನಿಧಾನ ಬರುತ್ತದಲ್ಲ, ಅದು ಹೂತ ಹೊನ್ನು. ಜಾಗ ಬಿಟ್ಟು ಮಾತಾಡುವವರನ್ನು 'ಸಾವಕಾಶ ಮಾತಾಡ್ತಾರ' ಅಂದರೆ ಅದು ಮೆಚ್ಚುಗೆಯೇ. ಇನ್ನು 'ಹಗೂರ', 'ಲಗೂ' ಎಂಬ ಜೋಡಿ ಇದೆ. ಹಗುರ ಎಂದರೆ ಭಾರವಿಲ್ಲದ್ದು. 'ಲಗೂ' ಸಂಸ್ಕೃತದ ಲಘು, ಅದಕ್ಕೂ ಭಾರವಿಲ್ಲದ್ದು ಎಂದೇ ಅರ್ಥ. ಆದರೆ ಮೆಟ್ಟಿಲು ಇಳಿಯುವ ಅಜ್ಜಿಗೆ 'ಹಗೂರಕ ಇಳಿಯವ್ವಾ' ಅಂದರೆ ಮೆಲ್ಲಗೆ ಎಂದಾಯಿತು, ಬಸ್ಸು ಹೊರಟಾಗ 'ಲಗೂನ ಬಾ' ಅಂದರೆ ಬೇಗ ಎಂದಾಯಿತು. ಒಂದೇ ಅರ್ಥದಿಂದ ಹೊರಟು ಒಂದು ಪೂರ್ವಕ್ಕೆ ಹೋಯಿತು, ಒಂದು ಪಶ್ಚಿಮಕ್ಕೆ. ಪದ್ಯದ ಒಂದು ಮಾತ್ರೆಯ ಅಕ್ಷರಕ್ಕೆ ಇಟ್ಟ ಹೆಸರೂ ಈ ಲಘುವೇ.

ನಮ್ಮ ಮೂರು ಜಿಲ್ಲೆಗೆ ಒಂದೇ ರಾಗ ಎಂದೂ ತಿಳಿಯಬೇಡಿ. ಬಳ್ಳಾರಿ 1953ರ ತನಕ ಮದರಾಸಿನ ಆಡಳಿತದಲ್ಲಿತ್ತು. ರಾಯಚೂರು, ಕೊಪ್ಪಳ 1948ರ ತನಕ ನಿಜಾಮರ ಕೆಳಗಿದ್ದು, 1956ರಲ್ಲಿ ಈ ರಾಜ್ಯಕ್ಕೆ ಸೇರಿದವು. ಬಳ್ಳಾರಿಯ ಪೇಟೆಯಲ್ಲಿ ತೆಲುಗು ಮನೆಮಾತಿನವರು ಕನ್ನಡ ಆಡುವಾಗ ಏರಿಳಿತವೇ ಬೇರೆ. ರಾಯಚೂರಿನಲ್ಲಿ ಉರ್ದುವಿನ ಹದ ಸೇರಿದೆ. ತೆಲುಗರೂ ಗೇಲಿ ಮಾಡುವಾಗ 'ರಾಗಾಲು ತೀಸ್ತುನ್ನಾಡು', 'ದೀರ್ಘಾಲು ತೀಸ್ತುನ್ನಾಡು' ಅನ್ನುತ್ತಾರೆ, ರಾಗ ತೆಗೆಯುತ್ತಾನೆ, ದೀರ್ಘ ತೆಗೆಯುತ್ತಾನೆ ಎಂದು. ತಮಿಳರು 'ಇೞುತ್ತು' ಮಾತಾಡುತ್ತಾರೆ ಅನ್ನುತ್ತಾರೆ, ಎಳೆದು. ಪಕ್ಕದ ಮನೆಯವರದು ಯಾವಾಗಲೂ ರಾಗ, ನಮ್ಮದು ಮಾತು!

ಯಾರಾದರೂ ನಿಮ್ಮ ಮಗಳ ಕನ್ನಡ ಶುದ್ಧವಲ್ಲ ಅಂದರೆ ಒಂದು ಹಳೆಯ ಸಾಕ್ಷಿ ಇದೆ. 9ನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ನಾಡು ಎಂದು ಗುರುತಿಸುವ ನಾಲ್ಕು ಊರುಗಳಲ್ಲಿ ಒಂದು ಕೊಪಣ, ನಮ್ಮ ಕೊಪ್ಪಳ. ಆದರೆ ಆ ಪದ್ಯವನ್ನು ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ತಿರುಗುವುದು ನನಗೆ ಸೇರುವುದಿಲ್ಲ. ಸಾವಿರ ವರ್ಷದ ಹಿಂದಿನ ಕೊಪಣದವರು ಹೇಗೆ ಎಳೆಯುತ್ತಿದ್ದರೋ ಕೇಳಿದವರು ಯಾರೂ ಉಳಿದಿಲ್ಲ. ಅದೇ ಗ್ರಂಥದ ಇನ್ನೊಂದು ಪದ್ಯ ನನಗೆ ಹೆಚ್ಚು ಇಷ್ಟ. ಕನ್ನಡಗಳಲ್ಲಿ ದೇಸಿ ಬೇರೆಬೇರೆಯಾಗಿರುವುದರಿಂದ ಇದು ದೋಷ, ಇದಲ್ಲ ಎಂದು ತೀರ್ಮಾನಿಸಹೊರಟರೆ ಸರ್ಪರಾಜ ವಾಸುಕಿಗೂ ಬೇಸರ ಬಂದೀತು ಎನ್ನುತ್ತದೆ ಅದು. 'ಕನ್ನಡಂಗಳ್' ಎಂದು ಬಹುವಚನ ಬಳಸುತ್ತದೆ, ಗಮನಿಸಿ.

ಕೊನೆಗೆ ರಗಳೆ. ಕಿವಿಗೆ ಹತ್ತಿರ, ಬೇರು ಬೇರೆ. ರಗಳೆ ಎಂಬುದು ಮೊದಲು ಛಂದಸ್ಸಿನ ಹೆಸರು. ನಾಗವರ್ಮನ ಛಂದೋಂಬುಧಿಯಲ್ಲಿ ಅದಕ್ಕೆ 'ರಘಟಾಬಂಧ' ಎಂದಿದೆ, ಮಾತ್ರೆ ಸಮನಾಗಿ ತಾಳಕ್ಕೆ ಒಪ್ಪಬೇಕು ಎಂಬುದು ಲಕ್ಷಣ. ಇಷ್ಟೇ ಸಾಲು ಎಂಬ ಮಿತಿಯಿಲ್ಲ, ಕವಿಗೆ ಸಾಕಾಗುವ ತನಕ ಹೋಗಬಹುದು. ಹಂಪಿಯ ವಿರೂಪಾಕ್ಷನ ಭಕ್ತ ಹರಿಹರ ಶಿವಶರಣರ ಕಥೆಗಳನ್ನು ಇದರಲ್ಲೇ ಹರಿಯಬಿಟ್ಟ. ಪಂಡಿತರು ಅವನನ್ನು ರಗಳೆಯ ಕವಿ ಎಂದು ಹಂಗಿಸಿದರೆಂದೂ, ಅದಕ್ಕೆ ಅವನು ಗಿರಿಜಾಕಲ್ಯಾಣ ಎಂಬ ಚಂಪೂ (ಗದ್ಯಪದ್ಯ ಬೆರೆತ ಕಾವ್ಯ) ಬರೆದು ಉತ್ತರ ಕೊಟ್ಟನೆಂದೂ ಪ್ರತೀತಿ. ಆ ಮೂದಲಿಕೆಯ ಬಿಸಿ ಆ ಮಾತಿಗೆ ಇನ್ನೂ ಆರಿಲ್ಲ. ಮುಗಿಯದೆ ನಡೆದ ಜಗಳ, ಕೈಗೆ ಸುತ್ತಿಕೊಂಡ ತಾಪತ್ರಯ, ಎಲ್ಲವೂ ನಮಗೆ ರಗಳೆಯೇ. ಹಂಪಿ ಈಗ ಬಳ್ಳಾರಿ ಜಿಲ್ಲೆಯಲ್ಲಿಲ್ಲ, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಅದೂ ಒಂದು ರಗಳೆಯಾಗಿಯೇ ಮುಗಿದದ್ದು.